ದೊಡ್ಡ ಅಕ್ವೇರಿಯಂ ಖಾಲಿ ಮಾಡುವ ಕ್ರಮ: ಪೈಪಿನ ಆಚೆ ತುದಿಯಿಂದ ಆರಂಭಿಸಿ

ಎರಡಡಿ ಉದ್ದದ ಚಿಕ್ಕ ತೊಟ್ಟಿಯಾದರೆ ನೀರನ್ನು ಮಗ್ಗಿನಲ್ಲಿ ಮೊಗೆದು ಬಚ್ಚಲಿಗೆ ಚೆಲ್ಲಿದರೆ ಕೆಲಸ ಮುಗಿಯಿತು. ಐದಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಅಕ್ವೇರಿಯಂ ಹಾಗಲ್ಲ. ಒಂದು ಘನ ಅಡಿ ಜಾಗ ಸುಮಾರು 28.3 ಲೀಟರ್ ನೀರು ಹಿಡಿಯುವುದರಿಂದ ಈ ಅಳತೆಯ ತೊಟ್ಟಿಯಲ್ಲಿ ಲೆಕ್ಕಕ್ಕೆ 566 ಲೀಟರ್ ಇರುತ್ತದೆ; ಮೇಲೆ ಬಿಟ್ಟ ಖಾಲಿ ಜಾಗ, ತಳದ ಮರಳು, ಕಲ್ಲು, ಮರದ ಬೊಡ್ಡೆ ಇವನ್ನೆಲ್ಲ ಕಳೆದರೂ 500 ಲೀಟರಿನ ಆಸುಪಾಸಿನಲ್ಲಿ ಉಳಿಯುತ್ತದೆ. ತೂಕದಲ್ಲಿ ಅದು ಅರ್ಧ ಟನ್. 15 ಲೀಟರಿನ ಬಕೆಟ್ಟಿನಲ್ಲಿ ಹೊರಲು ಹೊರಟರೆ ಮೂವತ್ತಕ್ಕೂ ಹೆಚ್ಚು ಬಾರಿ ಹಜಾರದಿಂದ ಬಚ್ಚಲಿಗೆ ನಡೆಯಬೇಕಾಗುತ್ತದೆ, ಪ್ರತಿ ಸಲವೂ ಒಂದಿಷ್ಟು ನೀರು ನೆಲಕ್ಕೆ ತುಳುಕುತ್ತದೆ, ಮತ್ತು ನಮ್ಮ ಕಡೆಯ ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲ ಒದ್ದೆಯಾದರೆ ಎಷ್ಟು ಜಾರುತ್ತದೆ ಎಂಬುದನ್ನು ಹೇಳಬೇಕಾಗಿಲ್ಲ. ಆದ್ದರಿಂದ ಪೈಪು ಬೇಕೇ ಬೇಕು.

ಪೈಪು ಎಂದೊಡನೆ ಎಲ್ಲರ ಗಮನವೂ ತೊಟ್ಟಿಯೊಳಗಿನ ತುದಿಯ ಮೇಲೆ ಹೋಗುತ್ತದೆ: ನೀರನ್ನು ಹೇಗೆ ಎಳೆಯುವುದು, ಎಷ್ಟು ಬೇಗ ಎಳೆಯುವುದು. ಈ ಕೆಲಸವನ್ನು ಆಚೆಯ ತುದಿಯಿಂದ ಆರಂಭಿಸಬೇಕು ಎಂಬುದು ನನ್ನ ಅಭಿಪ್ರಾಯ. ಇಷ್ಟು ನೀರು ಎಲ್ಲಿಗೆ ಹೋಗಿ ಬೀಳುತ್ತದೆ, ಆ ಜಾಗ ಅದನ್ನು ತಾಳಿಕೊಳ್ಳುತ್ತದೆಯೇ, ಅಲ್ಲಿಂದ ಮುಂದೆ ಅದು ಎತ್ತ ಹರಿಯುತ್ತದೆ ಎಂಬುದು ತೀರ್ಮಾನವಾದರೆ ಪೈಪಿನ ಉದ್ದ, ದಪ್ಪ, ಹಾಯಿಸುವ ದಾರಿ, ಕೆಲಸಕ್ಕೆ ಹಿಡಿಯುವ ಹೊತ್ತು ಎಲ್ಲವೂ ತಾವಾಗಿ ತೀರ್ಮಾನವಾಗುತ್ತವೆ.

ನೀರು ಬೀಳುವ ಜಾಗ

ಹಾಸನ, ಚಿಕ್ಕಮಗಳೂರು ಕಡೆಯ ಬಹಳಷ್ಟು ಮನೆಗಳಿಗೆ ಹಿತ್ತಿಲೋ, ಅಂಗಳದಲ್ಲಿ ನಾಲ್ಕು ಹೂಗಿಡಗಳೋ ಇರುತ್ತವೆ. ಸಿಹಿನೀರಿನ ಅಕ್ವೇರಿಯಂ ನೀರಿಗೆ ಅದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಮೀನಿನ ಹೇಲು ಮತ್ತು ತಿನ್ನದೆ ಉಳಿದ ಆಹಾರದಿಂದ ಅಮೋನಿಯ ಹುಟ್ಟುತ್ತದೆ. ಫಿಲ್ಟರಿನಲ್ಲಿ ನೆಲೆಸಿರುವ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್ ಆಗಿ, ಆಮೇಲೆ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಮೀನಿಗೆ ಹೆಚ್ಚಾದ ಈ ನೈಟ್ರೇಟ್ ಗಿಡಕ್ಕೆ ಗೊಬ್ಬರ. ದಾಸವಾಳ, ಗುಲಾಬಿ, ಆಂಥೂರಿಯಂ, ಬಾಳೆ, ಕರಿಬೇವು ಎಲ್ಲವೂ ಇದನ್ನು ಸಂತೋಷವಾಗಿ ಕುಡಿಯುತ್ತವೆ. ಒಂದೇ ಬುಡಕ್ಕೆ ಐನೂರು ಲೀಟರ್ ಬಿಟ್ಟರೆ ಮಣ್ಣು ಕೊಚ್ಚಿಹೋಗುವುದರಿಂದ ಪೈಪಿನ ತುದಿಯನ್ನು ಹತ್ತು ನಿಮಿಷಕ್ಕೊಮ್ಮೆ ಗಿಡದಿಂದ ಗಿಡಕ್ಕೆ ಸರಿಸುತ್ತಿರಬೇಕು. ಅದಕ್ಕೆಂದೇ ಹೊರಗೆ ಒಬ್ಬರು ನಿಂತಿರುವುದು ಒಳ್ಳೆಯದು.

ಮನೆಗೆ ಅಂಟಿಕೊಂಡಂತೆ ಕಾಫಿ ಗಿಡಗಳಿರುವವರು ಮಾತ್ರ ಫೆಬ್ರವರಿ, ಮಾರ್ಚಿನಲ್ಲಿ ಪೈಪನ್ನು ಆ ಕಡೆ ತಿರುಗಿಸಬಾರದು. ಒಣ ಹವೆಯಲ್ಲಿ ಮಲಗಿರುವ ಮೊಗ್ಗು ಹೂಮಳೆಗೆ ಅರಳುವಂತೆಯೇ ಬುಡಕ್ಕೆ ಧಾರಾಳವಾಗಿ ಬಿದ್ದ ನೀರಿಗೂ ಎಚ್ಚೆತ್ತುಕೊಳ್ಳುತ್ತದೆ. ತೋಟವೆಲ್ಲ ಮಳೆಗೆ ಕಾಯುತ್ತಿರುವಾಗ ಅಂಗಳದ ಬದಿಯ ನಾಲ್ಕು ಗಿಡಗಳು ಮೊದಲೇ ಹೂ ಬಿಟ್ಟು ಕೂತರೆ ಅವುಗಳ ಹಣ್ಣನ್ನು ಬೇರೆಯಾಗಿಯೇ ಕುಯ್ಯಬೇಕಾಗುತ್ತದೆ. ಮಳೆಗಾಲದಲ್ಲಿ ಇದಕ್ಕೆ ತದ್ವಿರುದ್ಧವಾದ ತೊಂದರೆಯಿದೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮೂಡಿಗೆರೆ, ಸಕಲೇಶಪುರದ ಕಡೆ ನೆಲ ತನ್ನ ಪಾಲಿನ ನೀರನ್ನೇ ಇಂಗಿಸಲಾರದೆ ನಿಂತಿರುತ್ತದೆ; ಅಂಥ ನೆಲಕ್ಕೆ ಇನ್ನಷ್ಟು ಬಿಟ್ಟರೆ ಅದು ಇಂಗದೆ ಹರಿದು ಹೋಗುತ್ತದೆ, ಹರಿದು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ಆಗ ಮುಖ್ಯವಾಗುತ್ತದೆ.

ಏಕೆಂದರೆ ಅಕ್ವೇರಿಯಂ ನೀರಿನಲ್ಲಿ ಬರಿಯ ನೀರು ಇರುವುದಿಲ್ಲ. ಕಣ್ಣಿಗೆ ಕಾಣದ ಮೀನಿನ ಮೊಟ್ಟೆ, ಹುಳ್ಳಿಕಾಳಿಗಿಂತ ಚಿಕ್ಕದಾದ ಬಸವನಹುಳು, ಉಗುರಿನಷ್ಟು ಗಿಡದ ಚೂರು ಇವೆಲ್ಲ ಅದರೊಡನೆ ಹೊರಬರುತ್ತವೆ, ಮತ್ತು ಅವುಗಳಲ್ಲಿ ಹೆಚ್ಚಿನವು ಈ ನೆಲದವಲ್ಲ. ಗಾಜಿಗೆ ಅಂಟಿಕೊಂಡು ಪಾಚಿ ತಿನ್ನುವ ಸಕರ್ ಮೀನು ದಕ್ಷಿಣ ಅಮೆರಿಕದ್ದು; ಯಾರೋ ತೊಟ್ಟಿಯಿಂದ ಹೊರಬಿಟ್ಟದ್ದು ಇಂದು ದಕ್ಷಿಣ ಭಾರತದ ಹಲವು ಕೆರೆ, ನದಿಗಳಲ್ಲಿ ಬೀಡುಬಿಟ್ಟು, ದಡದಲ್ಲಿ ಬಿಲ ಕೊರೆಯುತ್ತ, ಮೀನುಗಾರರ ಬಲೆ ಹರಿಯುತ್ತ ಬೆಳೆದಿದೆ. ತುಂಗೆ ಮತ್ತು ಭದ್ರೆ ಚಿಕ್ಕಮಗಳೂರು ಜಿಲ್ಲೆಯ ಗಂಗಾಮೂಲದಲ್ಲಿ ಹುಟ್ಟುತ್ತವೆ, ಹೇಮಾವತಿ ಮೂಡಿಗೆರೆ ತಾಲ್ಲೂಕಿನಲ್ಲಿ ಹುಟ್ಟುತ್ತದೆ, ಬಾಬಾಬುಡನ್‌ಗಿರಿಯ ಸಾಲಿನಲ್ಲಿ ಹುಟ್ಟುವ ಯಗಚಿ ಹೇಮಾವತಿಯನ್ನು ಸೇರಿ ಆ ಮೂಲಕ ಕಾವೇರಿಗೆ ಹೋಗುತ್ತದೆ. ನದಿಯ ತಲೆಯಲ್ಲಿ ಕುಳಿತವರು ಬಿಟ್ಟದ್ದು ಕೆಳಗಿನ ಊರುಗಳಿಗೆಲ್ಲ ತಲುಪುತ್ತದೆ. ಹಾಗಾಗಿ ಹಳ್ಳ, ಕೆರೆ, ಕಟ್ಟೆ, ಮಳೆನೀರಿನ ತೆರೆದ ಚರಂಡಿ ಇವು ಯಾವುವಕ್ಕೂ ಪೈಪಿನ ತುದಿಯನ್ನು ಬಿಡಬಾರದು. ಹಿತ್ತಿಲಿಗೆ ಬಿಡುವಾಗಲೂ ತುದಿಗೆ ಹಳೆಯ ಪಂಚೆಯ ತುಂಡನ್ನು ಎರಡು ಪದರ ಮಾಡಿ ಚೀಲದಂತೆ ಕಟ್ಟಿದರೆ ಗಿಡದ ಚೂರು, ಹುಳು ಅದರಲ್ಲಿ ಉಳಿಯುತ್ತವೆ; ಅದನ್ನು ಬಿಸಿಲಿನಲ್ಲಿ ಒಣಗಿಸಿ ಎಸೆಯಬಹುದು.

ಗಿಡಗಳಿಗೂ ಬಿಡಬಾರದ ನೀರು ಎರಡು ಬಗೆಯದು. ಸಮುದ್ರದ ಮೀನಿನ ತೊಟ್ಟಿಯ ಉಪ್ಪುನೀರು ಒಂದು. ಇನ್ನೊಂದು ಚಿಕಿತ್ಸೆ ಮಾಡಿದ ನೀರು. ಮೀನಿಗೆ ಬಿಳಿಚುಕ್ಕೆ ರೋಗ ಬಂದಾಗ ಕಲ್ಲುಪ್ಪು ಹಾಕಿರಬಹುದು, ಮಲಕೈಟ್ ಗ್ರೀನ್ ಹಾಕಿರಬಹುದು, ಅಥವಾ ತಾಮ್ರದ ಅಂಶವಿರುವ ಔಷಧ ಹಾಕಿರಬಹುದು. ಗಿಡಗಳಿಗೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆಂದು ವರ್ಷವರ್ಷವೂ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಕರಗಿಸುವ ತೋಟದವರಿಗೆ ತಾಮ್ರದ ಸ್ವಭಾವ ಗೊತ್ತು. ಅದು ಎಲೆಯ ಮೇಲೆ ಶಿಲೀಂಧ್ರವನ್ನು ತಡೆಯುತ್ತದೆ, ಆದರೆ ಮಣ್ಣಿಗೆ ಸೇರಿದ್ದು ಅಲ್ಲಿಯೇ ಕೂಡಿಕೊಳ್ಳುತ್ತ ಹೋಗುತ್ತದೆ. ಇಂಥ ನೀರು ಪಟ್ಟಣದಲ್ಲಾದರೆ ಒಳಚರಂಡಿಯ ಸಂಪರ್ಕವಿರುವ ಬಚ್ಚಲಿಗೆ ಹೋಗಬೇಕು. ಒಳಚರಂಡಿ ಇಲ್ಲದೆ ಸೆಪ್ಟಿಕ್ ಟ್ಯಾಂಕ್ ಇರುವ ಮನೆಯಲ್ಲಿ 500 ಲೀಟರನ್ನು ಒಂದೇ ಸಲ ನುಗ್ಗಿಸಿದರೆ ತಳದ ಕೆಸರು ಕದಡಿ ಇಂಗುಗುಂಡಿಗೆ ಹೋಗುತ್ತದೆ, ಮಳೆಗಾಲದಲ್ಲಂತೂ ಗುಂಡಿಯೇ ಉಕ್ಕಬಹುದು. ಎರಡು ಮೂರು ದಿನಗಳಿಗೆ ಹಂಚಿ ಬಿಡುವುದು ಕ್ಷೇಮ. ಯಾವ ಬಗೆಯ ನೀರಾದರೂ ತೆರೆದ ಬಾವಿಯ ಸಮೀಪ ಬೇಡ.

ಮಹಡಿಯ ಮೇಲೆ ಅಕ್ವೇರಿಯಂ ಇಟ್ಟುಕೊಂಡವರು ತಾರಸಿಯ ಮಳೆನೀರಿನ ಪೈಪಿಗೆ ಇದನ್ನು ಬಿಡುವ ಮೊದಲು ಆ ಪೈಪು ಕೆಳಗೆ ಎಲ್ಲಿ ಮುಗಿಯುತ್ತದೆ ಎಂದು ನೋಡಬೇಕು. ಮಳೆನೀರು ಕೊಯ್ಲು ಮಾಡಿಸಿದ ಮನೆಯಲ್ಲಿ ಅದು ನೇರವಾಗಿ ಬಳಕೆಯ ನೀರಿನ ಸಂಪಿಗೇ ಹೋಗಿರುತ್ತದೆ.

ಎಷ್ಟು ತೆಗೆಯಬೇಕು

ಮಾಮೂಲಿ ನೀರು ಬದಲಾವಣೆಗೆ ತೊಟ್ಟಿಯ ಕಾಲು ಭಾಗ, ಹೆಚ್ಚೆಂದರೆ ಮೂರನೇ ಒಂದು ಭಾಗ ತೆಗೆದರೆ ಸಾಕು. ಪೂರ್ತಿ ಖಾಲಿ ಮಾಡುವ ಅಗತ್ಯ ಬರುವುದು ಮನೆ ಬದಲಿಸುವಾಗ, ಗಾಜಿನ ಮೂಲೆಯ ಸಿಲಿಕೋನ್ ಸೋರಲು ಆರಂಭಿಸಿದಾಗ, ಅಥವಾ ತೊಟ್ಟಿಯನ್ನು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಸರಿಸಬೇಕಾದಾಗ ಮಾತ್ರ. ಹಬ್ಬಕ್ಕೆ ಮನೆ ತೊಳೆಯುವ ಉತ್ಸಾಹದಲ್ಲಿ ಅಕ್ವೇರಿಯಂ ಅನ್ನೂ ಪೂರ್ತಿ ಖಾಲಿ ಮಾಡಿ, ಮರಳನ್ನು ತಿಕ್ಕಿ, ಫಿಲ್ಟರನ್ನು ನಲ್ಲಿಯ ಕೆಳಗೆ ತೊಳೆದು ಹೊಳಪು ಬರಿಸುವ ಪದ್ಧತಿ ಹಲವು ಮನೆಗಳಲ್ಲಿದೆ. ಮೀನು ಸಾಯುವುದು ಬಹುಮಟ್ಟಿಗೆ ಅದರ ಮರುವಾರ.

ತೆಗೆಯುವ ಮೊದಲು ತುಂಬುವ ನೀರನ್ನು ನೋಡಿಕೊಳ್ಳಬೇಕು. ಹಾಸನಕ್ಕೆ ಹೇಮಾವತಿಯ ನೀರು, ಚಿಕ್ಕಮಗಳೂರಿಗೆ ಯಗಚಿ ಮತ್ತು ಹಿರೇಕೊಳಲೆ ಕೆರೆಯ ನೀರು ಬರುತ್ತದೆಯಾದರೂ ಎಲ್ಲ ಬಡಾವಣೆಗೂ ದಿನವೂ ಬರುವುದಿಲ್ಲ. ಎಷ್ಟು ಹೊರಗೆ ಬಿಡುತ್ತೀರೋ ಅಷ್ಟು ನೀರು ಸಂಪಿನಲ್ಲಿ ಇರುವ ದಿನವೇ ಈ ಕೆಲಸಕ್ಕೆ ಕೈಹಾಕಬೇಕು. ನಲ್ಲಿನೀರಿನ ಕ್ಲೋರಿನ್ ಕಳೆಯಲು ಸೋಡಿಯಂ ಥಯೋಸಲ್ಫೇಟ್ ಇರುವ ದ್ರಾವಣ ಮನೆಯಲ್ಲಿದೆಯೇ ಎಂಬುದನ್ನೂ ಆಗಲೇ ನೋಡಿಕೊಳ್ಳಿ. ಡಿಸೆಂಬರ್, ಜನವರಿಯಲ್ಲಿ ಮುಂಜಾನೆಯ ಸಂಪಿನ ನೀರು ತೊಟ್ಟಿಯ ನೀರಿಗಿಂತ ಎಷ್ಟೋ ತಣ್ಣಗಿರುತ್ತದೆ. ಆ ತಿಂಗಳುಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಕೆಲಸ ಇಟ್ಟುಕೊಳ್ಳುವುದು ಮೀನಿಗೂ ನಿಮ್ಮ ಕೈಗೂ ಹಿತ.

ಪೈಪು

ಹಾರ್ಡ್‌ವೇರ್ ಅಂಗಡಿಯಲ್ಲಿ ಗಾರೆ ಮೇಸ್ತ್ರಿಗಳು ಮಟ್ಟ ನೋಡಲು ಒಯ್ಯುವ ಪಾರದರ್ಶಕ ಲೆವೆಲ್ ಪೈಪು ಸಿಗುತ್ತದೆ. ಹಸಿರು ಗಾರ್ಡನ್ ಪೈಪಿಗಿಂತ ಇದು ಮೇಲು, ಏಕೆಂದರೆ ಒಳಗೆ ನೀರು ಎಲ್ಲಿಯವರೆಗೆ ಬಂದಿದೆ, ಗಾಳಿಯ ಗುಳ್ಳೆ ಎಲ್ಲಿ ಸಿಕ್ಕಿಕೊಂಡಿದೆ, ಮರಿಮೀನು ಏನಾದರೂ ಒಳಗೆ ಹೋಯಿತೇ ಎಂಬುದು ಕಣ್ಣಿಗೆ ಕಾಣುತ್ತದೆ. ಅರ್ಧ ಇಂಚಿನದು ಸಾಮಾನ್ಯ. ಮುಕ್ಕಾಲು ಇಂಚಿನ ಪೈಪಿನ ಬಾಯಿ ಅದರ ಎರಡೂಕಾಲು ಪಟ್ಟು ದೊಡ್ಡದು. ಗೋಡೆಗೆ ಉಜ್ಜುವ ತಡೆಯೂ ಕಡಿಮೆಯಾಗುವುದರಿಂದ ನೀರು ಅದಕ್ಕಿಂತಲೂ ಹೆಚ್ಚಿನ ಪ್ರಮಾಣದಲ್ಲಿ ಹೋಗುತ್ತದೆ. ಮೀನು ಒಳಗಿರುವಾಗ ಅರ್ಧ ಇಂಚು, ಮೀನು ತೆಗೆದ ಮೇಲೆ ಮುಕ್ಕಾಲು ಇಂಚು ಎಂದು ಎರಡನ್ನೂ ಇಟ್ಟುಕೊಂಡರೆ ಅನುಕೂಲ.

ಪಂಪಿಲ್ಲದೆ, ಎತ್ತರದ ವ್ಯತ್ಯಾಸದಿಂದಲೇ ಪೈಪಿನ ಮೂಲಕ ನೀರು ತಾನಾಗಿ ಹರಿಯುವಂತೆ ಮಾಡುವುದಕ್ಕೆ ಸೈಫನ್ ಎನ್ನುತ್ತಾರೆ. ಅದರ ನಿಯಮ ಒಂದೇ: ಪೈಪಿನ ಹೊರತುದಿ ತೊಟ್ಟಿಯ ನೀರಿನ ಮಟ್ಟಕ್ಕಿಂತ ಕೆಳಗಿರಬೇಕು. ನಡುವೆ ಅದು ತೊಟ್ಟಿಯ ಅಂಚನ್ನೋ ಕಿಟಕಿಯ ಕಟ್ಟೆಯನ್ನೋ ಹತ್ತಿ ಇಳಿದರೂ ತೊಂದರೆಯಿಲ್ಲ, ಒಳಗೆ ಗಾಳಿಯಿಲ್ಲದೆ ನೀರು ತುಂಬಿದ್ದರಾಯಿತು. ಎರಡು ಮಟ್ಟಗಳ ನಡುವಿನ ಅಂತರ ಹೆಚ್ಚಿದಷ್ಟೂ ರಭಸ ಹೆಚ್ಚು. ಕೆರೆ ತುಂಬಿದಾಗ ತೂಬಿನಲ್ಲಿ ಭೋರ್ಗರೆಯುವ ನೀರು ಬೇಸಿಗೆಗೆ ತೆಳ್ಳಗಾಗುವಂತೆಯೇ ಇಲ್ಲಿಯೂ ತೊಟ್ಟಿ ಬರಿದಾಗುತ್ತ ಬಂದಂತೆ ಹರಿವು ಕುಗ್ಗುತ್ತದೆ. ಎರಡೂವರೆ ಅಡಿ ಸ್ಟ್ಯಾಂಡಿನ ಮೇಲೆ ಎರಡಡಿ ನೀರಿದ್ದು ಪೈಪಿನ ತುದಿ ನೆಲದಲ್ಲಿದ್ದರೆ ಆರಂಭದ ಅಂತರ ನಾಲ್ಕೂವರೆ ಅಡಿ, ಕೊನೆಯದು ಎರಡೂವರೆ ಅಡಿ. ವೇಗ ಈ ಅಂತರದ ವರ್ಗಮೂಲಕ್ಕೆ ಅನುಗುಣವಾಗಿರುವುದರಿಂದ ಕೊನೆಗೆ ಅದು ಮೊದಲಿನ ಮುಕ್ಕಾಲು ಪಾಲಿಗೆ ಇಳಿದಿರುತ್ತದೆ. ಅಂಗಳ ಮನೆಯ ನೆಲಕ್ಕಿಂತ ಮೂರು ಮೆಟ್ಟಿಲು ಕೆಳಗಿದ್ದರೆ ಆ ಎತ್ತರವೂ ನಿಮ್ಮ ಪಾಲಿಗೆ ಸೇರುತ್ತದೆ. ಅದೇ ಬಚ್ಚಲಿನ ಬಕೆಟ್ಟಿನೊಳಕ್ಕೆ ಬಿಟ್ಟರೆ ಬಕೆಟ್ಟಿನ ಎತ್ತರವಷ್ಟನ್ನು ಕಳೆದುಕೊಳ್ಳುತ್ತೀರಿ.

ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ಊಹಿಸುವ ಬದಲು ಅಳೆಯುವುದು ಸುಲಭ. ಹರಿವು ಆರಂಭವಾದ ಮೇಲೆ ಹೊರತುದಿಯನ್ನು 15 ಲೀಟರಿನ ಬಕೆಟ್ಟಿನ ಬಾಯಿಗೆ ಹಿಡಿದು ಗಡಿಯಾರ ನೋಡಿ. ಒಂದು ನಿಮಿಷಕ್ಕೆ ತುಂಬಿದರೆ 500 ಲೀಟರಿಗೆ ಮೂವತ್ತಮೂರು ನಿಮಿಷ; ಕೊನೆಯ ಹೊತ್ತಿಗೆ ನಿಧಾನವಾಗುವುದನ್ನು ಸೇರಿಸಿ ನಲವತ್ತು ಎಂದುಕೊಳ್ಳಿ.

ಪೈಪನ್ನು ಹಾಯಿಸುವಾಗ ಬಾಗಿಲ ಸಂದಿಯಲ್ಲಿ ಅದು ಮಡಚಿಕೊಳ್ಳದಂತೆ, ದಾರಿಯುದ್ದಕ್ಕೂ ಮೇಲೆ ಕೆಳಗೆ ಡುಬ್ಬಗಳಾಗದಂತೆ ನೋಡಿಕೊಳ್ಳಬೇಕು. ಪ್ರತಿ ಡುಬ್ಬದಲ್ಲಿಯೂ ಗಾಳಿ ಕೂರುತ್ತದೆ. ಹೊರತುದಿಯನ್ನು ಕಿಟಕಿಯ ಗ್ರಿಲ್ಲಿಗೋ ಭಾರವಾದ ಕಲ್ಲಿಗೋ ಕಟ್ಟಲೇಬೇಕು. ಕಟ್ಟದೆ ಬಿಟ್ಟ ಪೈಪು ನೀರಿನ ರಭಸಕ್ಕೆ ಹಾವಿನಂತೆ ಹೊರಳಿ ಅಡುಗೆಮನೆಯ ಕಡೆಗೆ ಮುಖ ಮಾಡಿದರೆ, ನೀವು ಬರುವಷ್ಟರಲ್ಲಿ ಅಕ್ಕಿ ಚೀಲದ ಬುಡ ತೊಯ್ದಿರುತ್ತದೆ. ತೊಟ್ಟಿಯ ಕೆಳಗೆ ಮತ್ತು ಪೈಪಿನ ಜೋಡಣೆಗಳ ಕೆಳಗೆ ಒಣಗಿದ ಗೋಣಿಚೀಲ ಹಾಸಿಡುವುದು ಒಳ್ಳೆಯ ಅಭ್ಯಾಸ.

ಕರೆಂಟು

ಕೈ ನೀರಿಗೆ ಇಳಿಯುವ ಮೊದಲು ಅಕ್ವೇರಿಯಂನ ಎಲ್ಲ ಪ್ಲಗ್ಗುಗಳನ್ನೂ ಕಿತ್ತು ಎತ್ತರದಲ್ಲಿ ಇಡಬೇಕು. ಸ್ವಿಚ್ ಆರಿಸಿದರೆ ಸಾಲದು. ಹೀಟರಿನ ಪ್ಲಗ್ಗನ್ನು ಎಲ್ಲಕ್ಕಿಂತ ಮೊದಲು ಕಿತ್ತು, ಹೀಟರನ್ನು ಇಪ್ಪತ್ತು ನಿಮಿಷ ನೀರಿನಲ್ಲಿಯೇ ತಣಿಯಲು ಬಿಟ್ಟು, ಆಮೇಲೆ ನೀರಿಳಿಸಬೇಕು. ಕಾದ ಗಾಜಿನ ಹೀಟರು ನೀರಿನಿಂದ ಹೊರಗೆ ಕಂಡರೆ ಇನ್ನಷ್ಟು ಕಾದು, ಮತ್ತೆ ನೀರು ತಗುಲಿದ ಕ್ಷಣ ಸಿಡಿಯುತ್ತದೆ. ತೊಟ್ಟಿಯ ಹೊರಗೆ ಮುಚ್ಚಿದ ಡಬ್ಬಿಯಂತೆ ಇರುವ ಕ್ಯಾನಿಸ್ಟರ್ ಫಿಲ್ಟರಿನ ಪಂಪು ನೀರಿಲ್ಲದೆ ಓಡಿದರೆ ಸುಟ್ಟುಹೋಗುತ್ತದೆ. ಇದಿಷ್ಟನ್ನು ಪಾಲಿಸಿದರೆ ಈ ಭಾಗದಲ್ಲಿ ಹೆಚ್ಚಿನದೇನೂ ಇಲ್ಲ.

ಸೈಫನ್ ಹಚ್ಚುವುದು

ಪೈಪಿಗೆ ಬಾಯಿ ಹಾಕಿ ಹೀರುವುದು ಬೇಡ. ಗಲೀಜು ನೀರು ಬಾಯಿಗೆ ಬರುತ್ತದೆ ಎಂಬುದಷ್ಟೇ ಕಾರಣವಲ್ಲ, ಅದರಲ್ಲಿ ರೋಗಾಣುಗಳಿರುತ್ತವೆ. ಕೈಯಲ್ಲಿ ಗಾಯವಿದ್ದರೆ ಕೈಗವಸು ಹಾಕಿಕೊಳ್ಳುವುದೂ ಅವಶ್ಯ. ಮೈಕೋಬ್ಯಾಕ್ಟೀರಿಯಂ ಮರೈನಂ ಎಂಬ ಬ್ಯಾಕ್ಟೀರಿಯಾ ಗಾಯದ ಮೂಲಕ ಚರ್ಮಕ್ಕೆ ಇಳಿದು ತಿಂಗಳುಗಟ್ಟಲೆ ಮಾಯದ ಗಂಟುಗಳನ್ನು ಎಬ್ಬಿಸಬಲ್ಲದು.

ಚಿಕ್ಕ ಪೈಪಾದರೆ ಪೂರ್ತಿ ಸುರುಳಿಯನ್ನೇ ತೊಟ್ಟಿಯಲ್ಲಿ ಮುಳುಗಿಸಿ, ಗುಳ್ಳೆಗಳೆಲ್ಲ ಹೋದ ಮೇಲೆ ಒಂದು ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಹೊರಗೆ ಇಳಿಸಿ ಬಿಟ್ಟರೆ ಹರಿವು ಆರಂಭವಾಗುತ್ತದೆ. ಅಂಗಳದವರೆಗೆ ಹೋಗುವ ಉದ್ದದ ಪೈಪಿಗೆ ಈ ಉಪಾಯ ನಡೆಯುವುದಿಲ್ಲ. ಆಗ ಹೊರತುದಿಯನ್ನು ಅಂಗಳದ ನಲ್ಲಿಗೆ ಸಿಕ್ಕಿಸಿ, ಒಳತುದಿಯನ್ನು ತೊಟ್ಟಿಯ ನೀರಿನಲ್ಲಿ ಮುಳುಗಿಸಿಟ್ಟು, ನಲ್ಲಿಯನ್ನು ಸಣ್ಣಗೆ ತಿರುಗಿಸಬೇಕು. ಪೈಪಿನೊಳಗೆ ನೀರು ಗಾಳಿಯನ್ನು ನೂಕುತ್ತ ಏರಿ ಬರುವುದು ಕಾಣುತ್ತದೆ. ತೊಟ್ಟಿಯೊಳಗಿನ ಬಾಯಿಂದ ಗುಳ್ಳೆ ಬರುವುದು ನಿಂತೊಡನೆ ನಲ್ಲಿ ನಿಲ್ಲಿಸಿ, ಪೈಪನ್ನು ನಲ್ಲಿಯಿಂದ ಕಳಚಿ ನೆಲಕ್ಕೆ ಇಳಿಸಿದರೆ ನೀರು ತಾನಾಗಿ ಹಿಂದಕ್ಕೆ ಹರಿಯತೊಡಗುತ್ತದೆ. ಕ್ಲೋರಿನ್ ಇರುವ ನೀರು ತೊಟ್ಟಿಗೆ ಬೀಳದಂತೆ, ಗುಳ್ಳೆ ನಿಲ್ಲುವ ಕ್ಷಣವನ್ನು ಒಳಗೊಬ್ಬರು ಕಾದು ಕೂಗಿ ಹೇಳಬೇಕು. ಇಬ್ಬರಿದ್ದರೆ ಅರೆನಿಮಿಷದ ಕೆಲಸ.

ಕೂಲರಿಗೆ ಹಾಕುವ ಚಿಕ್ಕ ಮುಳುಗುವ ಪಂಪಿನಿಂದಲೂ ನೀರೆತ್ತಬಹುದು, ಮುಖ್ಯವಾಗಿ ಹೊರಗಿನ ಜಾಗ ತೊಟ್ಟಿಗಿಂತ ಎತ್ತರದಲ್ಲಿರುವ ಮನೆಗಳಲ್ಲಿ. ಇದರಲ್ಲಿ ತಿಳಿದಿರಬೇಕಾದ ಒಂದು ಸಂಗತಿಯಿದೆ. ಪೈಪಿನ ಹೊರತುದಿ ತೊಟ್ಟಿಯ ನೀರಿಗಿಂತ ಕೆಳಗಿದ್ದರೆ ಪಂಪನ್ನು ಆರಿಸಿದರೂ, ಕರೆಂಟು ಹೋದರೂ ನೀರು ನಿಲ್ಲುವುದಿಲ್ಲ. ಆ ಹೊತ್ತಿಗಾಗಲೇ ಅದು ಸೈಫನ್ ಆಗಿರುತ್ತದೆ. ಹೊರತುದಿ ಮೇಲಿದ್ದು ಬಕೆಟ್ಟಿನ ನೀರಿನಲ್ಲಿ ಮುಳುಗಿದ್ದರೆ ಬಕೆಟ್ಟಿನ ಗಲೀಜೆಲ್ಲ ತೊಟ್ಟಿಗೆ ವಾಪಸು ಬರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟು ಹೋಗುವುದು ಯಾವಾಗ ಎಂದು ಯಾರೂ ಹೇಳಲಾರರಾದ್ದರಿಂದ ಪಂಪಿನ ಕೆಲಸವನ್ನು ಬಿಟ್ಟು ಬೇರೆ ಕೋಣೆಗೆ ಹೋಗಬಾರದು. ಪಂಪು ಓಡುತ್ತಿರುವಾಗ ತೊಟ್ಟಿಗೆ ಕೈ ಹಾಕುವುದಂತೂ ಕೂಡದು.

ಭಾಗಶಃ ತೆಗೆಯುವವರು ಒಳತುದಿಯನ್ನು ಎಲ್ಲಿಗೆ ನಿಲ್ಲಬೇಕೋ ಆ ಮಟ್ಟದಲ್ಲಿಯೇ ಕ್ಲಿಪ್ಪಿನಿಂದ ಗಾಜಿಗೆ ಸಿಕ್ಕಿಸಿದರೆ ನೀರು ಅಲ್ಲಿಗೆ ಇಳಿದೊಡನೆ ಪೈಪು ಗಾಳಿ ಎಳೆದುಕೊಂಡು ತಾನೇ ನಿಲ್ಲುತ್ತದೆ. ಗಾಜಿನ ಹೊರಗೆ ಟೇಪಿನ ಗುರುತು ಹಚ್ಚಿ ಕಾಯುವುದಕ್ಕಿಂತ ಇದು ನಂಬಿಕೆಯ ವಿಧಾನ, ಫೋನು ಬಂದಾಗ ಗುರುತನ್ನು ಎಲ್ಲರೂ ಮರೆಯುತ್ತಾರೆ.

ಮರಳಿನ ಗಲೀಜನ್ನೂ ಇದೇ ಹೊತ್ತಿನಲ್ಲಿ ತೆಗೆಯಬಹುದು. ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಯ ತಳ ಕತ್ತರಿಸಿ, ಕತ್ತಿನೊಳಗೆ ಪೈಪಿನ ತುದಿಯನ್ನು ಬಿಗಿಯಾಗಿ ತೂರಿಸಿದರೆ ಅಂಗಡಿಯ ಗ್ರಾವೆಲ್ ಕ್ಲೀನರಿನ ಕೆಲಸವನ್ನೇ ಮಾಡುತ್ತದೆ. ಕತ್ತರಿಸಿದ ಅಗಲದ ಬಾಯಿಯನ್ನು ಮರಳಿಗೆ ಊರಿದಾಗ ಬಾಟಲಿಯೊಳಗೆ ನೀರಿನ ವೇಗ ಕಡಿಮೆ, ಮೇಲಿನ ಪೈಪಿನಲ್ಲಿ ಹೆಚ್ಚು. ಹಾಗಾಗಿ ಮರಳಿನ ಕಾಳು ಎರಡು ಮೂರು ಅಂಗುಲ ಎದ್ದು ಕುದಿಯುವಂತೆ ಹೊರಳಾಡಿ ತಿರುಗಿ ಕೆಳಗೆ ಬೀಳುತ್ತದೆ, ಹಗುರವಾದ ಕಂದು ಗಲೀಜು ಮಾತ್ರ ಪೈಪನ್ನು ಏರಿ ಹೋಗುತ್ತದೆ. ಬಾಟಲಿಯ ನೀರು ತಿಳಿಯಾದೊಡನೆ ಎತ್ತಿ ಪಕ್ಕಕ್ಕೆ ಊರಬೇಕು. ದಪ್ಪ ಮರಳಿನ ತಳದಿಂದ ಕೊಳೆತ ಮೊಟ್ಟೆಯ ವಾಸನೆಯ ಗುಳ್ಳೆ ಎದ್ದರೆ ಅದು ಹೈಡ್ರೋಜನ್ ಸಲ್ಫೈಡ್. ಮೀನು ಒಳಗಿರುವಾಗ ಅಲ್ಲಿ ಮುಂದೆ ಕೆದಕದೆ, ಮೀನು ತೆಗೆದ ಮೇಲೆ ನೋಡಿಕೊಳ್ಳಿ.

ಮೀನು ಮತ್ತು ಫಿಲ್ಟರ್

ಪೂರ್ತಿ ಖಾಲಿ ಮಾಡುವುದಾದರೆ ಮೊದಲ ನೂರು ನೂರೈವತ್ತು ಲೀಟರನ್ನು ಹಿತ್ತಿಲಿಗೆ ಬಿಡದೆ ದೊಡ್ಡ ಪ್ಲಾಸ್ಟಿಕ್ ಟಬ್ಬುಗಳಿಗೆ ತುಂಬಿಕೊಳ್ಳಬೇಕು. ಮೀನು ಅದೇ ನೀರಿನಲ್ಲಿ ಇರಬೇಕು. ಟಬ್ಬಿನ ವಿಷಯದಲ್ಲಿ ನಮ್ಮ ಭಾಗದವರಿಗೆ ಒಂದು ಎಚ್ಚರಿಕೆ ಅಗತ್ಯ: ತೋಟದಲ್ಲಿ ಬೋರ್ಡೋ ಕಲಸಿದ ಡ್ರಮ್ಮನ್ನು, ಅದು ಎಷ್ಟು ತೊಳೆದದ್ದಾದರೂ, ಮೀನಿಗೆ ಬಳಸಬಾರದು. ಗೋಡೆಗೆ ಅಂಟಿದ ತೆಳ್ಳಗಿನ ನೀಲಿ ಕಲೆಯಷ್ಟು ತಾಮ್ರವೂ ಮೀನನ್ನು ಕೊಲ್ಲಲು ಸಾಕಾಗಬಹುದು. ಕೀಟನಾಶಕದ ಕ್ಯಾನು, ಬಟ್ಟೆ ಸೋಪಿನ ಪುಡಿ ನೆನೆಸುವ ಬಕೆಟ್ಟು ಇವೂ ಬೇಡ.

ನೀರು ಅರ್ಧಕ್ಕೆ ಇಳಿದ ಮೇಲೆ ಕಲ್ಲು, ಮರದ ಬೊಡ್ಡೆಗಳನ್ನು ಮೊದಲು ತೆಗೆದು, ಆಮೇಲೆ ಮೀನು ಹಿಡಿಯಬೇಕು. ಇವು ಒಳಗಿರುವಾಗ ಬಲೆ ಆಡಿಸಿದರೆ ಮೀನು ಅವುಗಳಿಗೇ ಬಡಿದುಕೊಂಡು ಹುರುಪೆ ಕಿತ್ತುಕೊಳ್ಳುತ್ತದೆ. ಬೊಡ್ಡೆಯ ಪೊಟರೆಗಳನ್ನು ಟಬ್ಬಿನ ಮೇಲೆ ಹಿಡಿದು ಅಲುಗಿಸಿ ನೋಡಿ, ಸಕರ್ ಮೀನು ಅಲ್ಲಿ ಅಡಗಿರುತ್ತದೆ. ಅದರ ಮುಳ್ಳು ಬಲೆಗೆ ಸಿಕ್ಕಿಕೊಳ್ಳುವುದರಿಂದ ಚಿಕ್ಕ ಡಬ್ಬಿಯಲ್ಲಿ ಮೊಗೆಯುವುದೇ ಸರಿ. ಅರೋವಾನ, ಆಸ್ಕರ್‌ನಂಥ ದೊಡ್ಡ ಮೀನುಗಳು ನೀರು ಇಳಿದಾಗ ಹೆದರಿ ಹಾರುತ್ತವೆ. ದೀಪ ಆರಿಸಿ, ತೊಟ್ಟಿಯನ್ನೂ ಟಬ್ಬನ್ನೂ ಮುಚ್ಚಿಟ್ಟು, ಬ್ಯಾಟರಿ ಏರ್ ಪಂಪಿನಿಂದ ಗಾಳಿ ಬಿಡಬೇಕು. ಪೈಪಿನ ಒಳತುದಿಗೆ ಸೊಳ್ಳೆಪರದೆಯ ತುಂಡನ್ನು ಚೀಲದಂತೆ ಸಡಿಲವಾಗಿ ರಬ್ಬರ್ ಬ್ಯಾಂಡಿನಿಂದ ಕಟ್ಟಿದರೆ ಮರಿಗಳು ಎಳೆದುಕೊಂಡು ಹೋಗುವುದಿಲ್ಲ. ಬಿಗಿಯಾಗಿ ಕಟ್ಟಿದರೆ ಒಂದು ಎಲೆ ಅಡ್ಡಬಂದರೂ ಹರಿವು ನಿಲ್ಲುತ್ತದೆ.

ಫಿಲ್ಟರಿನ ಸ್ಪಂಜು, ಸೆರಾಮಿಕ್ ಉಂಗುರ ಮುಂತಾದವುಗಳನ್ನು ನಲ್ಲಿನೀರಿನಲ್ಲಿ ತೊಳೆಯಕೂಡದು. ಅಮೋನಿಯವನ್ನು ತಿನ್ನುವ ಬ್ಯಾಕ್ಟೀರಿಯಾ ನೆಲೆಸಿರುವುದು ಅವುಗಳ ಮೇಲೆ, ನೀರಿನಲ್ಲಿ ಅಲ್ಲ. ನೀರನ್ನೆಲ್ಲ ಹೊರಗೆ ಬಿಟ್ಟರೂ ಇವು ಬದುಕಿದ್ದರೆ ತೊಟ್ಟಿ ಬದುಕಿದಂತೆ. ಕ್ಯಾನಿಸ್ಟರನ್ನು ಮುಚ್ಚಿದ ಹಾಗೆಯೇ ಗಂಟೆಗಟ್ಟಲೆ ಇಟ್ಟರೆ ಒಳಗಿನ ಆಮ್ಲಜನಕ ಮುಗಿದು ಅವು ಸಾಯುತ್ತವೆ; ಮುಚ್ಚಳ ತೆರೆದು, ಎಲ್ಲವನ್ನೂ ಹಳೆಯ ತೊಟ್ಟಿ ನೀರಿನ ಬಕೆಟ್ಟಿಗೆ ಹಾಕಿ, ಅದರಲ್ಲಿಯೂ ಗಾಳಿಯ ಗುಳ್ಳೆ ಬಿಡುವ ಒಂದು ಏರ್ ಸ್ಟೋನ್ ಇಡುವುದು ಸರಿಯಾದ ಕ್ರಮ.

ಕೊನೆಯ ಅಂಗುಲಗಳು

ಪೈಪು ಗೊರಗೊರ ಎಂದು ಗಾಳಿ ಎಳೆಯತೊಡಗಿದಾಗ ತಳದಲ್ಲಿ ಇನ್ನೂ ಒಂದೆರಡು ಅಂಗುಲ ನೀರು ಉಳಿದಿರುತ್ತದೆ. ಐದಡಿಗೆ ಎರಡಡಿ ತೊಟ್ಟಿಯಲ್ಲಿ ಒಂದು ಅಂಗುಲ ನೀರೆಂದರೆ 23 ಲೀಟರಿಗೂ ಹೆಚ್ಚು. ಇದನ್ನು ಬರಿದು ಮಾಡಲು ತೊಟ್ಟಿಯನ್ನು ಒಂದು ಬದಿಗೆ ಓರೆ ಮಾಡುವ ಆಸೆ ಎಲ್ಲರಿಗೂ ಬರುತ್ತದೆ; ಅದನ್ನು ಮಾಡಬಾರದು. ಓರೆಯಾದಾಗ ನೀರು ಮತ್ತು ಮರಳಿನ ಭಾರವೆಲ್ಲ ಒಂದೇ ಅಂಚಿಗೆ ಬಿದ್ದು ತಳದ ಗಾಜಾಗಲಿ ಮೂಲೆಯ ಸಿಲಿಕೋನ್ ಆಗಲಿ ಸೀಳಬಹುದು. ಪ್ಲಾಸ್ಟಿಕ್ಕಿನ ಹೊಸ ಕಸದ ಮೊರ ಇಲ್ಲಿ ಮಗ್ಗಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ: ಅದರ ಚಪ್ಪಟೆ ಅಂಚು ಗಾಜಿಗೆ ಒತ್ತಿ ನಿಂತು ಮರಳನ್ನೂ ನೀರನ್ನೂ ಒಟ್ಟಿಗೆ ಬಾಚುತ್ತದೆ. ಎರಡು ಅಂಗುಲ ದಪ್ಪದ ಮರಳೇ 70 ಕಿಲೋ ಮೀರುವುದರಿಂದ ಅದನ್ನು ಒಳಗೆ ಬಿಟ್ಟು ತೊಟ್ಟಿ ಎತ್ತುವ ಮಾತೇ ಇಲ್ಲ. ಉಳಿದ ಕೆಸರುನೀರನ್ನು ದಪ್ಪ ಸ್ಪಂಜಿನಲ್ಲಿ ಹೀರಿ ಬಕೆಟ್ಟಿಗೆ ಹಿಂಡಿ, ಕಡೆಗೆ ಹಳೆಯ ಕಾಟನ್ ಬಟ್ಟೆಯಲ್ಲಿ ಒರೆಸಬೇಕು. ಸಿಲಿಕೋನ್ ರಿಪೇರಿಗೆಂದು ಖಾಲಿ ಮಾಡಿದ್ದಾದರೆ ಮೂಲೆಗಳು ಪೂರ್ತಿ ಒಣಗಬೇಕು, ಮಳೆಗಾಲದ ಥಂಡಿಯಲ್ಲಿ ಅದಕ್ಕೆ ಫ್ಯಾನು ಹಾಕಿ ಒಂದೆರಡು ದಿನ ಬಿಡಬೇಕಾಗುತ್ತದೆ.

ಬರಿದಾದ ತೊಟ್ಟಿಯೂ ಹಗುರವಲ್ಲ. 12 ಮಿಲಿಮೀಟರ್ ಗಾಜಿನಲ್ಲಿ ಕಟ್ಟಿದ್ದಾದರೆ ಈ ಅಳತೆಗೆ 100 ಕಿಲೋ ದಾಟುತ್ತದೆ. ನಾಲ್ಕು ಜನ ಬೇಕು, ಬರಿಗಾಲು ಬೇಡ, ದಾರಿಯಲ್ಲಿ ಚೆಲ್ಲಿದ ನೀರನ್ನು ಮೊದಲು ಒರೆಸಿರಬೇಕು. ಮೇಲಿನ ಅಂಚನ್ನಾಗಲಿ ನಡುವೆ ಅಡ್ಡಕ್ಕೆ ಅಂಟಿಸಿದ ಗಾಜಿನ ಪಟ್ಟಿಯನ್ನಾಗಲಿ ಹಿಡಿದು ಎತ್ತದೆ, ನಾಲ್ಕು ಮೂಲೆಯಲ್ಲಿ ತಳದ ಗಾಜಿನ ಅಡಿಗೆ ಅಂಗೈ ಕೊಟ್ಟು, ಒಬ್ಬರ ಮಾತಿಗೆ ಎಲ್ಲರೂ ಒಟ್ಟಿಗೆ ಏಳಬೇಕು. ಇಳಿಸುವ ಜಾಗದಲ್ಲಿ ಮೊದಲೇ ಅರ್ಧ ಇಂಚಿನ ಥರ್ಮಾಕೋಲ್ ಹಾಳೆ ಹಾಸಿರಲಿ, ಅದರ ಮೇಲೆ ಒಂದು ಕಾಳು ಮರಳೂ ಉಳಿಯದಂತೆ ಕೈಯಾಡಿಸಿ ನೋಡಿರಿ. ತಳದ ಗಾಜಿನಡಿ ಸಿಕ್ಕ ಒಂದು ಕಲ್ಲಿನ ಚೂರು, ಮತ್ತೆ ನೀರು ತುಂಬಿ ಅರ್ಧ ಟನ್ ಭಾರ ಬಿದ್ದ ದಿನ, ಗಾಜನ್ನು ಸೀಳಲು ಸಾಕು.